ನೌಕರಿ ಸಿಕ್ಕಿದ ಮೇಲೆ

ನಮ್ಮ ಕಡೆ ಮದುವೆಯ ಮಾತುಕತೆಗೆ ಕುಳಿತಾಗ ಹುಡುಗ ‘ಗೌರ್ಮೆಂಟ್’ ಎಂದು ಗೊತ್ತಾದರೆ ಅರ್ಧ ಮಾತು ಅಲ್ಲಿಗೇ ಮುಗಿಯುತ್ತದೆ. ಹುಡುಗನ ಬಣ್ಣ, ಎತ್ತರ, ಮನೆಯ ಹೆಂಚು ಮಳೆಗಾಲದಲ್ಲಿ ಸೋರುತ್ತದೆಯೇ ಎಂಬ ವಿಚಾರಣೆ ಎಲ್ಲವೂ ಹಿಂದಕ್ಕೆ ಸರಿಯುತ್ತವೆ. ಯಾವ ಇಲಾಖೆ ಎಂದು ಕೇಳುವವರಿದ್ದಾರೆ. ‘ಮೇಲೆ ಏನಾದರೂ ಸಿಗುತ್ತದೆಯೇ’ ಎಂದು ದನಿ ತಗ್ಗಿಸಿ ಕೇಳುವವರೂ ಇದ್ದಾರೆ. ಅವರು ಐದು ಹೊತ್ತಿನ ನಮಾಜು ತಪ್ಪಿಸದವರಾಗಿರುವುದೂ ಉಂಟು. ಆದರೆ ಆ ಕೆಲಸದಲ್ಲಿ ಹುಡುಗನಿಗೆ ಸಮಾಧಾನ ಇದೆಯೇ ಎಂದು ಕೇಳಿದ ಒಬ್ಬ ಹಿರಿಯರನ್ನೂ ನಾವು ಇದುವರೆಗೆ ಕಂಡಿಲ್ಲ.

ಕೇಳದಿರುವುದಕ್ಕೆ ಕಾರಣವೂ ಇದೆ. ನೌಕರಿ ಸಿಗುವುದೇ ದೊಡ್ಡ ಮಾತಾಗಿರುವಾಗ ಸಿಕ್ಕಿದ ಮೇಲಿನ ಮಾತನ್ನು ಯಾರು ಆಡುತ್ತಾರೆ? 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ನಮ್ಮ ರಾಜ್ಯದ ಲೆಕ್ಕವನ್ನು ಎಷ್ಟೋ ಸಭೆಗಳಲ್ಲಿ ಓದಿ ಹೇಳಿದರು. ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 12.2, ರಾಜ್ಯ ಸರ್ಕಾರದ ನೌಕರಿಯಲ್ಲಿ ಶೇ. 8.5. ಪಶ್ಚಿಮ ಬಂಗಾಳಕ್ಕಿಂತ ನಾವು ಎಷ್ಟೋ ವಾಸಿ ಎಂದು ನಿಟ್ಟುಸಿರು ಬಿಟ್ಟವರೂ ಇದ್ದರು. 2023ರ ಮಾರ್ಚ್‌ನಲ್ಲಿ ಆಗಿನ ಸರ್ಕಾರ 2ಬಿ ಪ್ರವರ್ಗದ ಶೇ. 4ರ ಮೀಸಲಾತಿಯನ್ನು ತೆಗೆದುಹಾಕಿದಾಗ, ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಜಾರಿಗೆ ಬರದೆ ನಿಲ್ಲುವವರೆಗೆ, ಪರೀಕ್ಷೆಗೆ ಓದುತ್ತಿದ್ದ ಮಕ್ಕಳಿದ್ದ ಮನೆಗಳಲ್ಲಿ ನಿದ್ದೆಯಿರಲಿಲ್ಲ. ಹೀಗೆ ಬಾಗಿಲ ಹೊರಗೆ ಸಾಲಿನಲ್ಲಿ ನಿಂತವರಿಗೆ ಒಳಗೆ ಕುಳಿತವರ ಬೇಸರ ಐಶ್ವರ್ಯದ ಬೇಸರದಂತೆ ಕಾಣುವುದು ಸಹಜ.

ಆದರೂ ಒಂದು ಮಾತು. ಕನ್ನಡದಲ್ಲಿ ಕೆಲಸ ‘ಸಿಗುತ್ತದೆ’. ಮನೆಯ ಉರ್ದುವಿನಲ್ಲಿ ನಾವು ‘ನೌಕರಿ ಲಗ್ ಗಯೀ’ ಅನ್ನುತ್ತೇವೆ. ಏಟು ತಗುಲಿದರೂ, ದೃಷ್ಟಿ ತಾಗಿದರೂ, ಬೆಂಕಿ ಹತ್ತಿಕೊಂಡರೂ ಅದೇ ‘ಲಗ್ ಗಯೀ’. ಸಿಕ್ಕಿದ್ದನ್ನು ಪೆಟ್ಟಿಗೆಯಲ್ಲಿಡಬಹುದು, ತಗುಲಿದ್ದು ಮೈಯ ಮೇಲೇ ಇರುತ್ತದೆ, ಮೂವತ್ತು ಮೂವತ್ತೈದು ವರ್ಷ.

ಮೂಡಿಗೆರೆ ಸಣ್ಣ ಊರು. ಕಾಫಿಯವರು ವರ್ಷದ ಫಸಲನ್ನು ನಂಬಿದವರು, ಅಂಗಡಿಯವರು ಸೋಮವಾರ ಮಂಗಳವಾರದ ವ್ಯಾಪಾರವನ್ನು ನಂಬಿದವರು. ತಿಂಗಳ ಪಗಾರ ನಂಬಿ ಬದುಕುವವರೆಂದರೆ ಹೆಚ್ಚಾಗಿ ಸರ್ಕಾರದವರೇ: ಡಿಪೋದ ಡ್ರೈವರು ಕಂಡಕ್ಟರುಗಳು, ಮೆಸ್ಕಾಂನವರು, ಮೇಷ್ಟರುಗಳು, ಫಾರೆಸ್ಟಿನವರು, ಅಂಚೆಯವರು, ತಾಲೂಕು ಕಚೇರಿಯವರು. ಯಾರು ಕೆಲಸಕ್ಕೆ ಹೋಗುವಾಗ ಮಾತಾಡಿಸಿದರೆ ನಿಲ್ಲುತ್ತಾರೆ, ಯಾರು ಮುಖ ಗಂಟಿಕ್ಕಿಕೊಂಡು ಸರಸರನೆ ದಾಟಿಹೋಗುತ್ತಾರೆ ಎಂಬುದು ಇಂಥ ಊರಿನಲ್ಲಿ ಮುಚ್ಚಿಡುವ ವಿಷಯವಲ್ಲ. ಎಷ್ಟೋ ವರ್ಷ ನೋಡಿದ ಮೇಲೆ ನಮಗನ್ನಿಸಿದ್ದು, ಪಗಾರದ ಏಣಿ ಮತ್ತು ಸಮಾಧಾನದ ಏಣಿ ಬೇರೆ ಬೇರೆ. ಒಂದರ ಮೇಲಿನ ಮೆಟ್ಟಿಲಲ್ಲಿರುವವರು ಇನ್ನೊಂದರ ಕೆಳಗಿನ ಮೆಟ್ಟಿಲಲ್ಲಿರಬಹುದು.

ನಮ್ಮ ಮಾಮು ಕುದುರೆಮುಖದಲ್ಲಿದ್ದರು. ಈಗ ಕಳಸ ಬೇರೆ ತಾಲೂಕು. ಆಗ ಆ ಗಣಿ ಊರೂ ಮೂಡಿಗೆರೆ ತಾಲೂಕಿಗೇ ಸೇರಿತ್ತು. 1976ರಲ್ಲಿ ಕೇಂದ್ರ ಸರ್ಕಾರ ಕಂಪನಿ ಕಟ್ಟಿದ್ದು ಇರಾನಿನ ಷಾ ಕೊಡಲು ಒಪ್ಪಿದ್ದ 63 ಕೋಟಿ ಡಾಲರ್ ಸಾಲದ ಭರವಸೆಯ ಮೇಲೆ. ಅದಿರು ಅಲ್ಲಿಗೇ ಹೋಗಬೇಕಾಗಿತ್ತು. 1979ರಲ್ಲಿ ಷಾ ಓಡಿಹೋದರು, ಕ್ರಾಂತಿಯಾಯಿತು, ಅದಿರು ಕೊಳ್ಳುವವರೇ ಇಲ್ಲವಾಯಿತು. ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿಕೊಂಡು ಬದುಕಿತು. ಕಬ್ಬಿಣದ ಪುಡಿಯನ್ನು ನೀರಿನೊಂದಿಗೆ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಹೊಯ್ಯುವ, ಅದುವರೆಗೆ ಜಿಗಣೆ ಮತ್ತು ಕಾಟಿಗಳೇ ಒಡೆಯರಾಗಿದ್ದ ಕಾಡಿನ ನಡುವೆ ಒಂದು ಊರೇ ಎದ್ದಿತು. ಸಾಲುಮನೆ, ಆಸ್ಪತ್ರೆ, ಶಾಲೆ, ಕರೆಂಟು. ರಜೆಯಲ್ಲಿ ನಾವು ಮಕ್ಕಳೆಲ್ಲ ಕಳಸದ ಮೇಲೆ ಬಸ್ಸು ಹಿಡಿದು ಹೋದರೆ ಮಾಮಿಯ ಮನೆಯ ನಲ್ಲಿ ತಿರುಗಿಸುವುದೇ ಒಂದು ಆಟ. ನಮ್ಮ ಮನೆಯಲ್ಲಿ ಬಾವಿಯಿತ್ತು.

ಮಾಮು ಅದಿರು ಅರೆಯುವ ಗಿರಣಿಯ ರಿಪೇರಿ ವಿಭಾಗದಲ್ಲಿದ್ದರು. ಅವರ ಮಾತಿನಲ್ಲಿ ಮನೆ, ಆಸ್ಪತ್ರೆ, ಬೋನಸ್ಸು ಹೆಚ್ಚಾಗಿ ಬರುತ್ತಿರಲಿಲ್ಲ. ಬರುತ್ತಿದ್ದುದು ಗಿರಣಿಯ ಸದ್ದು. ರಾತ್ರಿ ಊಟ ಮಾಡುತ್ತಿದ್ದಾಗ ತುತ್ತು ಹಿಡಿದ ಕೈ ನಿಲ್ಲಿಸಿ ದೂರದ ಸದ್ದಿಗೆ ಕಿವಿಗೊಡುತ್ತಿದ್ದರು. ‘ಎರಡನೆಯದಕ್ಕೆ ಹೊಟ್ಟೆ ಸರಿಯಿಲ್ಲ’ ಅನ್ನುತ್ತಿದ್ದರು. ಮಾಮಿಗೆ ಇದು ದೊಡ್ಡ ತಲೆನೋವು. ಮಕ್ಕಳ ಜ್ವರ ಗೊತ್ತಾಗದವರಿಗೆ ಕಬ್ಬಿಣದ ಜ್ವರ ಗೊತ್ತಾಗುತ್ತದೆ ಎಂದು ಅವರ ದೂರು. ಮರುದಿನ ಹೋಗಿ ನೋಡಿದರೆ ಆ ಗಿರಣಿಯಲ್ಲಿ ಏನಾದರೊಂದು ಸಡಿಲಾಗಿರುತ್ತಿತ್ತು. ಅದನ್ನು ಹೇಳುವಾಗ ಮಾಮುವಿನ ಮುಖ ನೋಡಬೇಕಾಗಿತ್ತು.

ಆ ಅದಿರಿನ ಹೂಳು ಲಕ್ಯಾ ಅಣೆಕಟ್ಟಿನಲ್ಲಿ ತುಂಬುತ್ತಿತ್ತು, ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಕೆಳಗಿನ ರೈತರು, ಪರಿಸರದವರು ಎದ್ದರು. 1987ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಿದ್ದ ಕಾಡು ಅದು. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನಿಲ್ಲಬೇಕಾದದ್ದೇ ಎಂದು ನಾವು ನಂಬಿದ್ದೇವೆ. ಮಾಮುವಿನ ಮುಂದೆಯೂ ಹೇಳಿದ್ದೇವೆ. ಕೆಲಸ ಕೊಡುವ ತೃಪ್ತಿ ಒಂದು, ಆ ಕೆಲಸದಿಂದ ಲೋಕಕ್ಕೆ ಆಗುವ ಒಳಿತು ಇನ್ನೊಂದು. ಹೊಳೆ ಕೆಂಪಾಗಿದ್ದೂ ನಿಜ, ಮಾಮುವಿನ ಸಂತೋಷವೂ ನಿಜ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡೂ ಅರ್ಥವಾಗುವುದಿಲ್ಲ.

ಗಣಿ ನಿಂತ ಮೇಲೆ ಮಾಮು ಸ್ವಯಂನಿವೃತ್ತಿ ತೆಗೆದುಕೊಂಡು ಮೂಡಿಗೆರೆಗೆ ಬಂದರು. ಹಣಕ್ಕೆ ಕೊರತೆಯಿರಲಿಲ್ಲ. ಆರು ತಿಂಗಳು ಜಗಲಿಯಲ್ಲಿ ಕುಳಿತರು, ದಪ್ಪಗಾದರು, ಎಲ್ಲರ ಮೇಲೂ ರೇಗಿದರು. ಕೊನೆಗೆ ಯಾರೋ ತೋಟದವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟಿದೆ ಎಂದು ಕರೆದುಕೊಂಡು ಹೋದರು. ಅಂದಿನಿಂದ ನವೆಂಬರ್ ಬಂತೆಂದರೆ ಮಾಮು ಮನೆಯಲ್ಲಿ ಇರುವುದಿಲ್ಲ. ಕೂಲಿ ಕೊಟ್ಟವರುಂಟು, ಕೊಡದವರುಂಟು, ಒಂದು ಗೊನೆ ಬಾಳೆಹಣ್ಣು ಕೊಟ್ಟು ಕಳಿಸಿದವರೂ ಉಂಟು. ಮತ್ತೆ ಊಟದ ನಡುವೆ ಕಿವಿಗೊಡುವುದು ಶುರುವಾಯಿತು.

ಹೊರದೇಶದವರು ಇದಕ್ಕೊಂದು ಸಿದ್ಧಾಂತ ಕಟ್ಟಿದ್ದಾರೆ. ಫ್ರೆಡ್ರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನೋವಿಜ್ಞಾನಿ ತಮ್ಮ ಜೊತೆಗಾರರೊಂದಿಗೆ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಇಂಜಿನಿಯರು ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಪ್ರಕಾರ ಸಂಬಳ, ಮೇಲಧಿಕಾರಿ, ಕಚೇರಿಯ ನಿಯಮ, ಕುಳಿತುಕೊಳ್ಳುವ ಜಾಗ ಇವೆಲ್ಲ ಕೆಟ್ಟದಾಗಿದ್ದರೆ ಮನುಷ್ಯ ಅತೃಪ್ತನಾಗುತ್ತಾನೆ; ಚೆನ್ನಾಗಿದ್ದರೆ ಅತೃಪ್ತಿ ಹೋಗುತ್ತದೆ, ಅಷ್ಟೆ. ತೃಪ್ತಿ ಬರುವುದು ಬೇರೆ ಬಾಗಿಲಿನಿಂದ. ಏನನ್ನಾದರೂ ಸಾಧಿಸಿದೆ ಎನ್ನುವುದು, ಅದನ್ನು ಯಾರಾದರೂ ಗುರುತಿಸಿದರು ಎನ್ನುವುದು, ಜವಾಬ್ದಾರಿ, ಕೆಲಸದ ಸ್ವಾದ. ಇದನ್ನು ಒಪ್ಪದವರೂ ಇದ್ದಾರೆ. ಒಳ್ಳೆಯದಾದರೆ ತನ್ನಿಂದ, ಕೆಟ್ಟದ್ದಾದರೆ ಸಾಹೇಬನಿಂದ ಎಂದು ಹೇಳುವುದು ಮನುಷ್ಯನ ಗುಣ, ಹಾಗಾಗಿ ಕೇಳಿದ ರೀತಿಯಲ್ಲೇ ದೋಷವಿದೆ ಎಂಬುದು ಅವರ ಆಕ್ಷೇಪ. ಆಕ್ಷೇಪ ಸರಿಯಿರಬಹುದು. ಆದರೂ ನಮ್ಮ ಮಾಮುವನ್ನು ಬಲ್ಲವರಿಗೆ ಹರ್ಜ್‌ಬರ್ಗ್ ಪೂರ್ತಿ ಅಪರಿಚಿತರಲ್ಲ.

ಇನ್ನು ನಮ್ಮ ಬಂಧುವೊಬ್ಬರಿದ್ದಾರೆ, ಒಂದು ಕಚೇರಿಯಲ್ಲಿ ಗುಮಾಸ್ತರು. ಕಚೇರಿಯ ಹೆಸರು ಬೇಡ, ಊರೂ ಬೇಡ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗ ಜಾರಿಗೆ ಬಂದು ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಅವರಿಗೂ ಅದಕ್ಕೆ ತಕ್ಕಂತೆ ಏರಿತು. ಮನೆಗೆ ಹೊಸ ಟಿವಿ ಬಂತು. ಆದರೆ ಭಾನುವಾರ ಅಸರ್ ಆಯಿತೆಂದರೆ ಅವರ ಮುಖ ಬಾಡಲು ತೊಡಗುತ್ತದೆ. ಕಡತ ಅವರ ಮೇಜಿಗೆ ಎಲ್ಲಿಂದಲೋ ಬರುತ್ತದೆ, ಅವರು ಒಂದು ಸಾಲು ಬರೆದು ಸಹಿ ಹಾಕುತ್ತಾರೆ, ಎಲ್ಲಿಗೋ ಹೋಗುತ್ತದೆ. ಕೊನೆಗೆ ಏನಾಯಿತೆಂದು ಅವರಿಗೆ ತಿಳಿಯುವುದು ಯಾರಾದರೂ ಬಂದು ಬೈದಾಗ ಮಾತ್ರ. ಆದವರು ಬಂದು ಹೇಳುವುದಿಲ್ಲ. ‘ಇಪ್ಪತ್ತೆರಡು ವರ್ಷದಲ್ಲಿ ನಾನು ಏನು ಮಾಡಿದೆ ಎಂದು ಮಗಳು ಕೇಳಿದರೆ ತೋರಿಸಲು ಏನೂ ಇಲ್ಲ’ ಎಂದು ಒಮ್ಮೆ ಹೇಳಿದರು. ನಿವೃತ್ತಿಗೆ ಎಷ್ಟು ದಿನ ಉಳಿದಿದೆ ಎಂಬುದು ಅವರಿಗೆ ಬಾಯಿಪಾಠ. 2006ರ ಏಪ್ರಿಲ್ ಒಂದರ ನಂತರ ಸೇರಿದ ಅವರ ಕಿರಿಯ ಸಹೋದ್ಯೋಗಿಗಳಿಗೆ ಹಳೆಯ ಪಿಂಚಣಿಯೂ ಇಲ್ಲವಾದ್ದರಿಂದ ಅವರು ಆ ದಿನ ಎಣಿಸುವುದಕ್ಕೂ ಹೆದರುತ್ತಾರೆ.

ಇದು ಒಬ್ಬರ ಮನೋಧರ್ಮ ಎಂದು ತಳ್ಳಿಹಾಕುವಂತಿಲ್ಲ. ಲಂಡನ್ನಿನ ಸರ್ಕಾರಿ ಕಚೇರಿಗಳ ನೌಕರರನ್ನು 1967ರಿಂದ ವೈದ್ಯರು ಬೆನ್ನು ಹತ್ತಿ ನೋಡಿದ ಒಂದು ಅಧ್ಯಯನವಿದೆ. ಆ ಬೀದಿಯ ಹೆಸರಿನಿಂದ ವೈಟ್‌ಹಾಲ್ ಅಧ್ಯಯನ ಎಂದೇ ಪ್ರಸಿದ್ಧ. ಮೈಕೆಲ್ ಮಾರ್ಮಟ್ ಎಂಬವರು ಅದರ ಮುಖ್ಯರು. ದೊಡ್ಡ ಅಧಿಕಾರಿಗಳಿಗೆ ಹೆಚ್ಚು ಚಿಂತೆ, ಹಾಗಾಗಿ ಹೃದಯದ ರೋಗವೂ ಅವರಿಗೇ ಹೆಚ್ಚು ಎಂದು ಎಲ್ಲರೂ ನಂಬಿದ್ದ ಕಾಲ. ಕಂಡದ್ದು ತಿರುಗುಮುರುಗು. ಬಾಗಿಲು ಕಾಯುವ, ಕಡತ ಹೊರುವ ಕೊನೆಯ ದರ್ಜೆಯವರ ಸಾವಿನ ಪ್ರಮಾಣ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟಿತ್ತು. 1985ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ಮೇಲೆ ಎರಡನೇ ಅಧ್ಯಯನ ಶುರುವಾಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು, ಯಾವುದನ್ನು ಯಾವಾಗ ಹೇಗೆ ಮಾಡಬೇಕೆಂಬುದು ತನ್ನ ಕೈಯಲ್ಲಿಲ್ಲದಿರುವುದು ಹೃದಯಕ್ಕೆ ಕೆಡುಕು ಎಂಬುದು ಅದರಲ್ಲಿ ಕಂಡ ದೊಡ್ಡ ವಿಷಯ. ಅವರೆಲ್ಲ ಕೆಲಸ ಖಾಯಂ ಇದ್ದವರು, ಹಸಿದವರಲ್ಲ.

ಹಿಡಿತ ತಪ್ಪುವುದನ್ನು ನಮ್ಮ ಬೆಟ್ಟಗಳಲ್ಲಿ ನೋಡಬೇಕಾದರೆ ಗ್ರಾಮ ಆಡಳಿತಾಧಿಕಾರಿಗಳನ್ನು ನೋಡಬೇಕು, ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದೆವಲ್ಲ, ಅವರನ್ನು. 2024ರ ಸೆಪ್ಟೆಂಬರಿನಲ್ಲೂ 2025ರ ಫೆಬ್ರವರಿಯಲ್ಲೂ ರಾಜ್ಯದಾದ್ಯಂತ ಅವರು ಮುಷ್ಕರ ಕೂತರು. ಸರ್ಕಾರಿ ನೌಕರರ ಮುಷ್ಕರವೆಂದರೆ ಸಂಬಳಕ್ಕೇ ಎಂದು ಜನ ತಿಳಿದಿದ್ದರು. ಅವರು ಕೇಳಿದ ಪಟ್ಟಿಯಲ್ಲಿ ಮೇಜು, ಕುರ್ಚಿ, ಕಚೇರಿ, ಮೊಬೈಲು, ಲ್ಯಾಪ್‌ಟಾಪು ಇದ್ದವು. ಒಬ್ಬೊಬ್ಬರ ಫೋನಿನಲ್ಲಿ ಒಂದು ಡಜನಿಗೂ ಹೆಚ್ಚು ಸರ್ಕಾರಿ ಆ್ಯಪ್‌ಗಳು. ಬೆಳೆ ಸಮೀಕ್ಷೆಗೊಂದು, ಪಹಣಿಗೆ ಆಧಾರ್ ಜೋಡಣೆಗೊಂದು, ಇನ್ನೊಂದಕ್ಕೆ ಇನ್ನೊಂದು. ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕಾದ ಊರುಗಳಲ್ಲಿ ಇದರ ಪಾಡೇನೆಂದು ಹೇಳಬೇಕಾಗಿಲ್ಲ. ಹಳೆಯ ಕಾಲದ ಶಾನುಭೋಗರಿಗೆ ಊರಿನ ಪ್ರತಿ ಬೇಲಿಯೂ ಗೊತ್ತಿತ್ತು, ಆ ಅರಿವಿನಲ್ಲಿ ಸೊಕ್ಕೂ ಇತ್ತು, ಮೋಸವೂ ಇತ್ತು. ಇಂದಿನ ಹುಡುಗನಿಗೆ ಬೇಲಿಯ ಮುಂದೆ ನಿಂತು ಫೋನಿನ ಚಕ್ರ ತಿರುಗುವುದನ್ನು ನೋಡುವುದೇ ಕೆಲಸ.

ಈ ವಿಚಾರ ಬರೆಯಲು ಕುಳಿತಾಗ ಪೂರ್ಣಚಂದ್ರ ತೇಜಸ್ವಿಯವರು ನೆನಪಾಗದಿರುವುದು ಮೂಡಿಗೆರೆಯವರಿಗೆ ಸಾಧ್ಯವಿಲ್ಲ. 2007ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ತೋಟದಲ್ಲಿದ್ದು ಬರೆದವರು. ಸರ್ಕಾರಿ ನೌಕರ ಎಂದ ಕೂಡಲೇ ಅವರ ತಬರ ಕಣ್ಣ ಮುಂದೆ ಬರುತ್ತಾನೆ. ನಿವೃತ್ತನಾಗಿ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾ, ಅತ್ತ ಹೆಂಡತಿಯ ಕಾಲು ಕೊಳೆಯುತ್ತಿರುವ ತಬರ. ಗಿರೀಶ್ ಕಾಸರವಳ್ಳಿಯವರು ಅದನ್ನು ಚಿತ್ರ ಮಾಡಿದರು, ತಬರನಾಗಿದ್ದ ಚಾರುಹಾಸನ್‌ರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಅದೇ ತೇಜಸ್ವಿಯವರು 1980ರಲ್ಲಿ ಇನ್ನೊಬ್ಬ ಸರ್ಕಾರಿ ನೌಕರನನ್ನೂ ಕೊಟ್ಟರು. ಅವನನ್ನು ನಾವು ನೌಕರನೆಂದು ಲೆಕ್ಕ ಹಾಕುವುದೇ ಇಲ್ಲ. ಕರ್ವಾಲೋ. ಇದೇ ಮೂಡಿಗೆರೆಯಲ್ಲಿ ಪಗಾರ ತೆಗೆದುಕೊಳ್ಳುವ ವಿಜ್ಞಾನಿ. ಹಾರುವ ಓತಿಯನ್ನು ಹುಡುಕಿಕೊಂಡು, ಊರವರು ನಿಷ್ಪ್ರಯೋಜಕನೆಂದುಕೊಂಡ ಮಂದಣ್ಣನನ್ನು ಗುರುವಿನಂತೆ ಕಂಡು ಕಾಡಿಗೆ ಇಳಿಯುವವರು. ಓತಿ ಕೈಗೆ ಸಿಗಲಿಲ್ಲ. ಅವರ ಮುಖದಲ್ಲಿ ಸೋಲಿನ ಗುರುತೂ ಇಲ್ಲ. ತಬರ ಮತ್ತು ಕರ್ವಾಲೋ ಇಬ್ಬರ ಪಗಾರದ ಅಂತರ ದೊಡ್ಡದೇ. ಆದರೆ ಅವರ ನಡುವಿನ ನಿಜವಾದ ಅಂತರ ಬೇರೆ ಕಡೆ ಇದೆ. ಒಬ್ಬನಿಗೆ ನಾಳೆ ಬೆಳಿಗ್ಗೆ ನೋಡಬೇಕಾದ ಏನೋ ಒಂದು ಇತ್ತು, ಇನ್ನೊಬ್ಬನನ್ನು ನೋಡುವವರೇ ಇರಲಿಲ್ಲ.

ಕಥೆ ಬರೆಯುವ ನಮ್ಮಂಥವರಿಗೆ ತಬರ ಸುಲಭ. ಕನ್ನಡ ಕಥೆಗಳಲ್ಲಿ, ಉರ್ದು ಅಫ್ಸಾನೆಗಳಲ್ಲಿ ಸರ್ಕಾರಿ ನೌಕರ ಬಂದರೆ ಲಂಚಕೋರನಾಗಿ ಬರುತ್ತಾನೆ ಇಲ್ಲವೇ ಬಲಿಪಶುವಾಗಿ ಬರುತ್ತಾನೆ. ತನ್ನ ಕೆಲಸವನ್ನು ಇಷ್ಟಪಟ್ಟು ಮಾಡಿ ಮನೆಗೆ ಬಂದು ಟೀ ಕುಡಿಯುವವನಲ್ಲಿ ಕಥೆಯೇನಿದೆ ಎಂಬುದು ನಮ್ಮ ಕಸುಬಿನವರ ಲೆಕ್ಕ.

ಹಾಗೆ ಇಷ್ಟಪಟ್ಟು ಮಾಡುವವರು ಇದ್ದಾರೆ. ನಮ್ಮ ಬೀದಿಯ ಲೈನ್‌ಮನ್ ಒಬ್ಬರು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಕರೆಂಟ್ ಹೋಗುವುದು ಸುದ್ದಿಯಲ್ಲ, ಬಂದರೆ ಸುದ್ದಿ. ತೋಟದ ಸಿಲ್ವರ್ ಮರ ಗಾಳಿಗೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಎಲ್ಲಿ ಬಿದ್ದಿದೆ ಎಂದು ಕತ್ತಲಲ್ಲಿ ಕಂಬ ಕಂಬ ಹುಡುಕಿಕೊಂಡು ಹೋಗಬೇಕು. ಲೈನ್ ಬಂದ್ ಮಾಡಿಸಿ ಹತ್ತಿದರೂ ಭಯ ಹೋಗುವುದಿಲ್ಲ. ಯಾವುದೋ ಬಂಗಲೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದು ಬಂದರೆ ಮುಗಿಯಿತು. 2019ರ ಆಗಸ್ಟ್ ಮೊದಲ ವಾರಗಳಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳೇ ಇಳಿದು, ಚಾರ್ಮಾಡಿ ಘಾಟಿ ಮುಚ್ಚಿ, ಊರೂರೇ ಕತ್ತಲಲ್ಲಿದ್ದಾಗ ಅವರು ಎಷ್ಟು ದಿನ ಮನೆಗೆ ಬರಲಿಲ್ಲವೋ ಅವರ ಹೆಂಡತಿಗೇ ಲೆಕ್ಕ ತಪ್ಪಿತ್ತು. ಅವರಲ್ಲಿ ಒಂದು ಅಭ್ಯಾಸವಿದೆ. ಲೈನ್ ಚಾರ್ಜ್ ಆದ ಕೂಡಲೇ ಆ ಊರಿನ ಯಾರಿಗಾದರೂ ಫೋನ್ ಮಾಡಿ ‘ಬಂತಾ?’ ಎಂದು ಕೇಳುವುದು. ಬಂದಿದೆ ಎಂದು ಅವರಿಗೆ ಗೊತ್ತೇ ಇರುತ್ತದೆ. ಆದರೂ ‘ಬಂತು ಅಣ್ಣಾ’ ಎಂಬ ಮಾತು ಬೇಕು. ಕಂಬದ ಮೇಲಿಂದ ದೂರದ ಮನೆಗಳಲ್ಲಿ ಒಂದೊಂದೇ ದೀಪ ಹತ್ತುವುದನ್ನು ನೋಡುವುದಿದೆಯಲ್ಲ, ಅದಕ್ಕೆ ಇಲಾಖೆ ಪಗಾರ ಕೊಡದಿದ್ದರೂ ಬರುತ್ತಿದ್ದೆ ಅನ್ನುತ್ತಾರೆ. ಖಾಯಂ ನೌಕರರಾದ್ದರಿಂದ ಹಾಗೆ ಹೇಳುವುದು ಅವರಿಗೆ ಸಾಧ್ಯ. ಅವರ ಜೊತೆ ಏಣಿ ಹಿಡಿದು ನಿಲ್ಲುವ ಗುತ್ತಿಗೆ ಹುಡುಗನೂ ಅದೇ ದೀಪಗಳನ್ನು ನೋಡುತ್ತಾನೆ. ಅವನು ಏನೂ ಹೇಳಲಿಲ್ಲ.

ಆ ಹುಡುಗನ ಮೌನದ ಬಳಿ ಈ ವಿಷಯ ಬೇರೆ ದಾರಿ ಹಿಡಿಯುತ್ತದೆ. ಸಮಾಧಾನ ಪಗಾರದಿಂದ ಬರುವುದಿಲ್ಲ, ಕೆಲಸದಿಂದ ಬರುತ್ತದೆ ಎಂಬ ಮಾತನ್ನು ಸರ್ಕಾರಗಳು ತಮಗೆ ಬೇಕಾದಂತೆ ಚೆನ್ನಾಗಿ ಅರ್ಥ ಮಾಡಿಕೊಂಡಿವೆ. ಯಾರ ಕೆಲಸದಲ್ಲಿ ಮನುಷ್ಯರ ಮುಖ ನೇರವಾಗಿ ಕಾಣುತ್ತದೆಯೋ, ಯಾರಿಗೆ ‘ನಿಮ್ಮಿಂದ ಬದುಕಿದೆವು’ ಎಂಬ ಮಾತು ಸಿಗುತ್ತದೆಯೋ, ಅವರಿಗೇ ಸಂಬಳ ಎಂಬ ಹೆಸರಿಲ್ಲ. ಅಂಗನವಾಡಿಯವರಿಗೆ ಗೌರವಧನ, ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ, ಶಾಲೆಯ ಖಾಲಿ ಹುದ್ದೆಯಲ್ಲಿ ಪಾಠ ಮಾಡುವವರು ‘ಅತಿಥಿ’. ವರ್ಷಗಟ್ಟಲೆ ಮನೆಯಲ್ಲಿರುವ ಅತಿಥಿಯನ್ನು ನಾವು ಬೇರೆಲ್ಲೂ ಕಂಡಿಲ್ಲ. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಚಿತವಾಗಿ ಸಿಗುತ್ತದೆ ಎಂಬ ಭರವಸೆ ಪಡೆದು ಬಂದರು. ಇಪ್ಪತ್ತು ವರ್ಷದ ಬಾಣಂತನಗಳ ಮೇಲೆ ಒಂದು ಭರವಸೆ.

ವಿಧಾನಸೌಧದ ಹಣೆಯ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಬರೆಸಿದ ಸರ್ಕಾರದ ಕೆಲಸ ದೇವರ ಕೆಲಸ ಎಂಬ ಮಾತಿದೆ. ದೇವರ ಕೆಲಸಕ್ಕೆ ಕೂಲಿ ಕೇಳಬಾರದು ಎಂಬ ಅರ್ಥವನ್ನು ಯಾರು ಸೇರಿಸಿದರೋ. ನಮ್ಮ ಜುಮಾ ಪ್ರವಚನಗಳಲ್ಲೂ ನೌಕರರಿಗೆ ಉಪದೇಶ ಬರುವುದು ಅಮಾನತ್ತಿನ ಬಗ್ಗೆ. ಅಧಿಕಾರ ಒಪ್ಪಿಸಿದ ಒಡವೆ, ಅದರಲ್ಲಿ ಒಂದು ಸೂಜಿಯಷ್ಟೂ ಬಚ್ಚಿಡಬಾರದು. ಸರಿಯಾದ ಮಾತು. ಆದರೆ ಅಬೂದಾವೂದರ ಸಂಗ್ರಹದಲ್ಲಿ ಮುಸ್ತೌರಿದ್ ಬಿನ್ ಶದ್ದಾದ್‌ರಿಂದ ಬಂದ ಒಂದು ಹದೀಸ್ ಇದೆ. ನಮ್ಮ ಪರವಾಗಿ ಕೆಲಸಕ್ಕೆ ನೇಮಕವಾದವನಿಗೆ ಹೆಂಡತಿ ಇಲ್ಲದಿದ್ದರೆ ಮದುವೆಯಾಗಲಿ, ಸೇವಕನಿಲ್ಲದಿದ್ದರೆ ಸೇವಕನನ್ನು ಇಟ್ಟುಕೊಳ್ಳಲಿ, ಮನೆಯಿಲ್ಲದಿದ್ದರೆ ಮನೆ ಮಾಡಿಕೊಳ್ಳಲಿ, ಅದರಾಚೆ ತೆಗೆದುಕೊಂಡರೆ ಅದು ದ್ರೋಹ ಎಂಬ ಆಶಯ ಅದರದ್ದು. ಕೊನೆಯ ಭಾಗವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮನೆ, ಸಂಸಾರ, ಒಬ್ಬ ಸಹಾಯಕ ಇಷ್ಟು ಬೊಕ್ಕಸದ ಹೊಣೆ ಎಂಬ ಮೊದಲ ಭಾಗವನ್ನು ಮಿಂಬರಿನಿಂದ ಕೇಳಿದ ನೆನಪಿಲ್ಲ. ಪ್ರಾಮಾಣಿಕತೆಯ ಬೇಡಿಕೆ ಬರುವುದು ಆ ಹೊಣೆ ತೀರಿಸಿದ ಮೇಲೆ, ಅದೇ ಉಸಿರಿನಲ್ಲಿ.

ಬಾಳೂರಿನಿಂದ ಆಚೆ, ತೋಟಗಳ ನಡುವೆ ಒಂದು ಶಾಖಾ ಅಂಚೆ ಕಚೇರಿ ಇದೆ. ಕಚೇರಿ ಎಂದರೆ ಒಂದು ಮನೆಯ ಮುಂದಿನ ಕೋಣೆ. ಜಾಗ ಹೊಂದಿಸಿಕೊಳ್ಳುವುದೂ ಪೋಸ್ಟ್‌ಮಾಸ್ಟರರದೇ ಜವಾಬ್ದಾರಿ. ಅಲ್ಲಿನ ಪೋಸ್ಟ್‌ಮಾಸ್ಟರ್ ಒಬ್ಬ ಮಹಿಳೆ, ಅರವತ್ತು ದಾಟಿದವರು. ಗ್ರಾಮೀಣ ಡಾಕ್ ಸೇವಕರೆಂದು ಇಲಾಖೆ ಕರೆಯುತ್ತದೆ, ಹಿಂದೆ ‘ಇಲಾಖೇತರ’ ಎನ್ನುತ್ತಿದ್ದರು. ದಿನಕ್ಕೆ ನಾಲ್ಕು ಗಂಟೆಯ ಕೆಲಸವೆಂದು ಲೆಕ್ಕ, 2018ರಲ್ಲಿ ಗೊತ್ತು ಮಾಡಿದಂತೆ 12,000 ರೂಪಾಯಿಯಿಂದ ಶುರುವಾಗುವ ಭತ್ಯೆ, ಅದರ ಮೇಲೆ ತುಟ್ಟಿಭತ್ಯೆ. ಇವರೂ ಸಿವಿಲ್ ಹುದ್ದೆಯಲ್ಲಿರುವವರೇ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಖಾಯಂ ನೌಕರರ ಪಿಂಚಣಿ ಮಾತ್ರ ಇಲ್ಲ. 65 ತುಂಬಿದ ದಿನ ಮುದ್ರೆ ಒಪ್ಪಿಸಿ ಎದ್ದುಬರಬೇಕು.

ನಾಲ್ಕು ಗಂಟೆ ಎಂಬುದು ಕಾಗದದ ಮೇಲೆ. ತೋಟದ ಲೈನುಗಳಲ್ಲಿರುವವರು ಬರುವುದು ಕೆಲಸ ಮುಗಿಸಿ ಸಂಜೆಗೆ. ಹೆಣ್ಣುಮಗುವಿನ ಹೆಸರಿನಲ್ಲಿ ನೂರು ಇನ್ನೂರು ಕಟ್ಟುವ ತಾಯಂದಿರು, ಗಂಡನಿಗೆ ಗೊತ್ತಾಗದಂತೆ ಆರ್.ಡಿ. ಪುಸ್ತಕವನ್ನು ಅಲ್ಲೇ ಇಟ್ಟು ಹೋಗುವವರು, ಅಸ್ಸಾಮಿನಿಂದ ಬಂದು ಮನೆಗೆ ಹಣ ಕಳಿಸುವುದು ಹೇಗೆಂದು ಕೈಸನ್ನೆಯಲ್ಲಿ ಕೇಳುವ ಹುಡುಗರು. ಪಿಂಚಣಿ ಬಂತೇ ಎಂದು ದಿನವೂ ಬರುವ ಒಬ್ಬ ಮುದುಕಿಗೆ, ಬರುವ ದಿನ ಇದಲ್ಲ ಎಂದು ಗೊತ್ತಿದೆ, ಕುಳಿತುಕೊಳ್ಳಲು ಬರುತ್ತಾಳೆ. ಇಲಾಖೆ ಕೊಟ್ಟ ಯಂತ್ರಕ್ಕೆ ಸಿಗ್ನಲ್ ಸಿಗದಿದ್ದರೆ ಪೋಸ್ಟ್‌ಮಾಸ್ಟರ್ ಅದನ್ನು ಹಿಡಿದುಕೊಂಡು ಹಿಂದಿನ ದಿಬ್ಬ ಹತ್ತುತ್ತಾರೆ, ಹಿಂದೆಯೇ ಗಿರಾಕಿಗಳೂ ಹತ್ತುತ್ತಾರೆ. ಹೆಬ್ಬೆಟ್ಟು ಒತ್ತುವುದು ಅಲ್ಲೇ, ನೇರಳೆ ಮರದ ಕೆಳಗೆ. 2013ರಲ್ಲಿ ಟೆಲಿಗ್ರಾಂ ಹೋಯಿತು, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದರು, ಕಾಗದ ಬರೆಯುವವರು ಇಲ್ಲವಾದರು. ಆದರೂ ಅವರಿಗೆ ಯಾರ ಮನೆಯ ಕಾಗದ ಯಾವ ಸುದ್ದಿ ತಂದಿದೆ ಎಂದು ಲಕೋಟೆ ನೋಡಿದರೆ ಗೊತ್ತಾಗುತ್ತದೆ.

ಈ ಕೆಲಸದಲ್ಲಿ ಸಮಾಧಾನ ಉಂಟೇ ಎಂದು ನಾವು ಕೇಳಿದೆವು. ಮದುವೆಯ ಮಾತುಕತೆಯಲ್ಲಿ ಯಾರೂ ಕೇಳದ ಪ್ರಶ್ನೆ. ಅವರು ನೋಟು ಎಣಿಸುವುದನ್ನು ನಿಲ್ಲಿಸದೆಯೇ, ‘ಬೇಕಾದಷ್ಟಿದೆ. ರೇಷನ್ ಅಂಗಡಿಯಲ್ಲಿ ತಗೊಳ್ಳೋದಿಲ್ಲ’ ಎಂದರು. ಆಮೇಲೆ ಎಣಿಕೆ ತಪ್ಪಿತೆಂದು ಮೊದಲಿಂದ ಎಣಿಸಿದರು.

2023ರ ಡಿಸೆಂಬರ್ 12ರಿಂದ ದೇಶದಾದ್ಯಂತ ಗ್ರಾಮೀಣ ಡಾಕ್ ಸೇವಕರು ಎಂಟು ಗಂಟೆಯ ಕೆಲಸ ಮತ್ತು ಪಿಂಚಣಿ ಕೇಳಿ ಮುಷ್ಕರ ಹೂಡಿದಾಗ ಅವರೂ ಬಾಗಿಲು ಹಾಕಿದ್ದರು. ಮುದುಕಿ ಹಾಕಿದ ಬಾಗಿಲಿನ ಮುಂದೆ ಕುಳಿತು ಹೋದಳಂತೆ. ಬೇಡಿಕೆ ಹಾಗೆಯೇ ಉಳಿಯಿತು. ನಾವು ಹೋದ ದಿನ, ಕಥೆ ಬರೆಯುವವರು ಸಿಕ್ಕಿದ್ದಾರೆ ಎಂದು, ಒಂದು ಮನವಿ ಬರೆದುಕೊಡಿ ಎಂದರು. ಸೇವೆಗೆ ಸೇರಿದ ವರ್ಷ, ದಿನಕ್ಕೆ ನಿಜವಾಗಿ ಆಗುವ ಗಂಟೆ, ಖಾತೆಗಳ ಸಂಖ್ಯೆ ಎಲ್ಲ ಅವರೇ ಹೇಳಿದರು. ‘ಸೇವೆಯಲ್ಲಿ ನನಗೆ ಅಪಾರ ತೃಪ್ತಿ ಇದೆ’ ಎಂದು ನಾವು ಒಂದು ಸಾಲು ಸೇರಿಸಿದ್ದೆವು. ಓದಿ ನೋಡಿ ಅದನ್ನು ಹೊಡೆದುಹಾಕಲು ಹೇಳಿದರು. ಅದು ಬರೆದರೆ ಅಷ್ಟೇ ಸಾಕಲ್ಲ ಎಂದುಕೊಳ್ಳುತ್ತಾರೆ ಎಂದರು. ಹೊಸ ಹಾಳೆಯಲ್ಲಿ ಮತ್ತೆ ಬರೆದೆವು. ಲಕೋಟೆಗೆ ಅಂಟು ಹಚ್ಚಿ, ಅಂಚೆಚೀಟಿಯ ಹಣವನ್ನು ತಮ್ಮ ಪರ್ಸಿನಿಂದ ತೆಗೆದು ಇಲಾಖೆಯ ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ತಮ್ಮ ಶಾಖೆಯ ಮುದ್ರೆಯನ್ನು ಎರಡು ಸಲ ಒತ್ತಿದರು. ಮೊದಲ ಸಲ ತಾರೀಕು ಮಸುಕಾಗಿತ್ತು. ಮೂರೂವರೆಯ ಬಸ್ಸಿಗೆ ಚೀಲ ಹೋಗಬೇಕಿತ್ತು.